ಪ್ಲಮ್ ಹಣ್ಣು: ಬುಟ್ಟಿಗೋ, ಫ್ರಿಜ್ಜಿಗೋ, ಫ್ರೀಜರಿಗೋ?

ಪ್ಲಮ್ ಹಣ್ಣನ್ನು ಹೊರಗೆ ಬುಟ್ಟಿಯಲ್ಲಿಟ್ಟರೆ ಎರಡೇ ದಿನದಲ್ಲಿ ಮೆತ್ತಗಾಗಿ ರಸ ಸೋರುತ್ತದೆ ಎಂದು ಕೆಲವರು ದೂರುತ್ತಾರೆ. ಫ್ರಿಜ್ಜಿನಲ್ಲಿಟ್ಟರೆ ರುಚಿಯೇ ಹೋಗಿಬಿಡುತ್ತದೆ ಎಂದು ಇನ್ನು ಕೆಲವರು. ಇಬ್ಬರೂ ಹೇಳುವುದು ನಿಜ. ಆದರೆ ಇಬ್ಬರೂ ಬೇರೆ ಬೇರೆ ಹದದ ಹಣ್ಣಿನ ಬಗ್ಗೆ ಹೇಳುತ್ತಿದ್ದಾರೆ. ಮಾಗಿದ ಹಣ್ಣನ್ನು ಹೊರಗಿಟ್ಟರೆ ಕೊಳೆಯುತ್ತದೆ, ಮಾಗದ ಹಣ್ಣನ್ನು ಫ್ರಿಜ್ಜಿಗೆ ಹಾಕಿದರೆ ಕೆಡುತ್ತದೆ. ಹೀಗಾಗಿ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾದದ್ದು ಹಣ್ಣೇ. ಅದರ ಹದ ತಿಳಿಯದೆ ಜಾಗ ಆರಿಸಿದರೆ, ಎಷ್ಟು ಒಳ್ಳೆಯ ಫ್ರಿಜ್ ಇದ್ದರೂ ಪ್ರಯೋಜನವಿಲ್ಲ.

ಆಯ್ಕೆಗೆ ಇಳಿಯುವ ಮುನ್ನ ನಾಲ್ಕು ಸಂಗತಿಗಳನ್ನು ಗಟ್ಟಿಮಾಡಿಕೊಳ್ಳಬೇಕು. ಹಣ್ಣು ಈಗ ಯಾವ ಹದದಲ್ಲಿದೆ? ಅದನ್ನು ಯಾವಾಗ ತಿನ್ನಬೇಕೆಂದಿದ್ದೀರಿ: ಇಂದೇ, ಈ ವಾರ, ಇಲ್ಲವೇ ಹಂಗಾಮು ಮುಗಿದ ಮೇಲೆ? ಹಾಗೆಯೇ ಕಚ್ಚಿ ತಿನ್ನುವುದಕ್ಕೋ, ಬೇಯಿಸುವುದಕ್ಕೋ? ಕೊನೆಯದಾಗಿ, ಇದಕ್ಕೆ ನೀವು ಕೊಡಬಲ್ಲ ಶ್ರಮ, ಜಾಗ ಮತ್ತು ಖರ್ಚು ಎಷ್ಟು? ಮೊದಲನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದನ್ನು ತಪ್ಪಾಗಿ ಊಹಿಸಿದರೆ ಉಳಿದ ಮೂರಕ್ಕೆ ಸರಿಯಾದ ಉತ್ತರವಿದ್ದರೂ ಹಣ್ಣು ಉಳಿಯುವುದಿಲ್ಲ.

ಹದ ಮತ್ತು ತಾಜಾತನ ಗುರುತಿಸುವುದು

ಬಹಳಷ್ಟು ಜನ ಬಣ್ಣ ನೋಡುತ್ತಾರೆ. ಪ್ಲಮ್ ವಿಷಯದಲ್ಲಿ ಬಣ್ಣವನ್ನು ನಂಬಬಾರದು. ಅನೇಕ ತಳಿಗಳು ಮಾಗುವುದಕ್ಕೆ ಎಷ್ಟೋ ಮೊದಲೇ ಕಡುಗೆಂಪಿಗೆ, ಕಪ್ಪು ನೇರಳೆಗೆ ತಿರುಗಿಬಿಡುತ್ತವೆ. ಒಳಗೆ ಇನ್ನೂ ಕಲ್ಲಿನಷ್ಟು ಗಟ್ಟಿ, ಹುಳಿ. ಇನ್ನೊಂದೆಡೆ ಪೂರ್ತಿ ಮಾಗಿದರೂ ಹಸಿರಾಗಿಯೇ ಉಳಿಯುವ ತಳಿಗಳಿವೆ, ಹಳದಿಯಲ್ಲೇ ನಿಲ್ಲುವವೂ ಇವೆ. ಒಂದೇ ತಳಿಯ ಹಣ್ಣುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಾಗ ಬಣ್ಣ ಸ್ವಲ್ಪ ನೆರವಾದೀತು, ಅಷ್ಟೇ.

ನಂಬಬಹುದಾದದ್ದು ಸ್ಪರ್ಶ. ಹಣ್ಣನ್ನು ಅಂಗೈಯಲ್ಲಿ ಕೂರಿಸಿ, ಬೆರಳ ತುದಿಯಿಂದ ಅಮುಕದೆ, ಇಡೀ ಕೈಯಿಂದ ಹಗುರವಾಗಿ ಒತ್ತಿ ನೋಡಿ. ಬೆರಳಿನಿಂದ ಅಮುಕಿದ ಜಾಗ ಮರುದಿನ ಕಂದು ಗಾಯವಾಗಿರುತ್ತದೆ. ತೊಟ್ಟಿನ ಎದುರು ತುದಿಯ ಕಡೆ ಗಮನವಿರಲಿ, ಮೆತ್ತಗಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಎಲ್ಲೂ ಬಗ್ಗದಿದ್ದರೆ ಅದು ಕಾಯಿ. ತುದಿ ಮಾತ್ರ ತುಸು ಬಗ್ಗಿದರೆ ದೋರಗಾಯಿ, ಒಂದೆರಡು ದಿನದಲ್ಲಿ ಹಣ್ಣಾಗುತ್ತದೆ. ಸುತ್ತಲೂ ಸಮನಾಗಿ ಮೃದುವಾಗಿದ್ದು, ಒತ್ತಿದ ಮೇಲೆ ಮತ್ತೆ ತನ್ನ ಆಕಾರಕ್ಕೆ ಬಂದರೆ ತಿನ್ನುವ ಹದ. ಒತ್ತಿದ ಕಡೆ ಕುಳಿ ಬಿದ್ದು ಹಾಗೆಯೇ ಉಳಿದರೆ ಹದ ಮೀರಿದೆ. ಅಂಥದ್ದು ಬೇಯಿಸಲು ಆಗುತ್ತದೆ, ಇಡಲು ಆಗುವುದಿಲ್ಲ.

ಸ್ಪರ್ಶದ ನಂತರ ವಾಸನೆ. ತೊಟ್ಟಿನ ಗುಳಿಗೆ ಮೂಗು ತಂದರೆ ಮಾಗಿದ ಹಣ್ಣು ತಾನೇ ಹೇಳಿಕೊಳ್ಳುತ್ತದೆ: ಸಿಹಿಯಾದ, ಹೂವಿನ ಛಾಯೆಯ ಪರಿಮಳ. ಏನೂ ವಾಸನೆಯಿಲ್ಲದಿದ್ದರೆ ಕಾಯಬೇಕು, ಅಥವಾ ಅದು ತಣ್ಣಗಿದೆ ಎಂದರ್ಥ, ಏಕೆಂದರೆ ತಣ್ಣಗಿರುವ ಹಣ್ಣು ಪರಿಮಳ ಬಿಡುವುದು ಕಡಿಮೆ. ಹೆಂಡದಂಥ ಹುಳಿವಾಸನೆ ಬಂದರೆ ಒಳಗೆ ಹುದುಗು ಶುರುವಾಗಿದೆ.

ಇನ್ನು ತಾಜಾತನ. ಇದು ಹದಕ್ಕಿಂತ ಬೇರೆ ಸಂಗತಿ, ಗಟ್ಟಿಯಾದ ಕಾಯಿಯೂ ಹಳತಾಗಿರಬಹುದು. ಸಿಪ್ಪೆಯ ಮೇಲೆ ಬೂದಿ ಹಚ್ಚಿದಂಥ ಬಿಳಿಯ ತೆಳುಪದರ ಕಾಣುತ್ತದಲ್ಲ, ಅದನ್ನು ಔಷಧಿಯ ಪುಡಿ ಎಂದು ಅನುಮಾನಿಸಿ ಉಜ್ಜಿ ತೆಗೆಯುವವರಿದ್ದಾರೆ. ಅದು ಹಣ್ಣು ತಾನೇ ಹೊದ್ದುಕೊಂಡ ಮೇಣ. ಒಳಗಿನ ನೀರು ಆರಿಹೋಗದಂತೆ ಕಾಯುವುದೇ ಅದರ ಕೆಲಸ. ಈ ಪದರ ಹೆಚ್ಚುಕಡಿಮೆ ಅಳಿಸದೆ ಉಳಿದಿದ್ದರೆ ಹಣ್ಣು ಹೆಚ್ಚು ಕೈ ಬದಲಿಸಿಲ್ಲ, ಹೆಚ್ಚು ಉಜ್ಜಾಡಿಲ್ಲ ಎಂದು ತಿಳಿಯಬಹುದು. ಆಮೇಲೆ ತೊಟ್ಟಿನ ಸುತ್ತ ನೋಡಿ. ನೀರು ಕಳೆದುಕೊಂಡ ಪ್ಲಮ್ ಮೊದಲು ಸುಕ್ಕಾಗುವುದು ಅಲ್ಲಿ. ಕಿರಿದಾದ ಗೆರೆಗಳು ತೊಟ್ಟಿನ ಗುಳಿಯಿಂದ ಭುಜದ ಕಡೆಗೆ ಇಳಿದಿರುತ್ತವೆ. ಗಾತ್ರ ಒಂದೇ ಇರುವ ಎರಡು ಹಣ್ಣುಗಳನ್ನು ಎರಡು ಕೈಯಲ್ಲಿ ಹಿಡಿದರೆ ಭಾರವಾದದ್ದೇ ರಸದ್ದು.

ಸಣ್ಣ ಕಂದು ವೃತ್ತ ಕಂಡರೆ ಎಚ್ಚರ. ಮೊದಲು ಬಟಾಣಿಯಷ್ಟಿರುವ ಈ ಮೃದುವಾದ ಕಲೆ ಬೇಗನೆ ಹರಡಿ, ಅದರ ಮೇಲೆ ಬೂದುಬಣ್ಣದ ಪುಡಿಯಂಥ ಗಂಟುಗಳು ಏಳುತ್ತವೆ. ಪ್ಲಮ್, ಪೀಚ್, ಏಪ್ರಿಕಾಟ್ ಜಾತಿಯ ಹಣ್ಣುಗಳನ್ನು ಕಾಡುವ ಮೊನಿಲೀನಿಯಾ ಎಂಬ ಶಿಲೀಂಧ್ರದ ಕಂದು ಕೊಳೆ ಇದು. ತಾಗಿಕೊಂಡಿರುವ ಹಣ್ಣಿಗೂ ದಾಟುತ್ತದೆ. ಸಿಪ್ಪೆಯ ಮೇಲೆ ಅಂಟಿನ ಹನಿ ಗಟ್ಟಿಯಾಗಿ ಕೂತಿದ್ದರೆ ಅಷ್ಟು ಹೆದರಬೇಕಿಲ್ಲ. ಅದು ಎಂದೋ ಆದ ಗಾಯಕ್ಕೆ ಹಣ್ಣು ಒಸರಿಸಿದ ಅಂಟು. ಕೊಯ್ದು ನೋಡಿ, ಹುಳುವಿನ ದಾರಿ ಇಲ್ಲದಿದ್ದರೆ ಆ ಭಾಗ ತೆಗೆದು ತಿನ್ನಬಹುದು.

ಆಯ್ಕೆ ಮಾಡುವವರಿಗೆ ಅತಿ ಮುಖ್ಯವಾದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪ್ಲಮ್ ಕಿತ್ತ ಮೇಲೂ ಮಾಗುತ್ತದೆ, ಆದರೆ ಕಿತ್ತ ಮೇಲೆ ಅದರ ಸಕ್ಕರೆ ಹೆಚ್ಚುವುದಿಲ್ಲ ಎಂದೇ ಹೇಳಬೇಕು. ಬಾಳೆಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಅದು ಮಾಗುವಾಗ ಸಕ್ಕರೆಯಾಗುತ್ತದೆ. ಪ್ಲಮ್‌ನಲ್ಲಿ ಅಂಥ ದಾಸ್ತಾನು ಇಲ್ಲ. ಮನೆಯಲ್ಲಿ ಮಾಗಿಸಿದಾಗ ತಿರುಳು ಮೆತ್ತಗಾಗುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಕೂಡುತ್ತದೆ. ಹುಳಿ ಇಳಿದದ್ದರಿಂದ ಸಿಹಿ ಮುಂದೆ ಬಂದಂತೆ ಅನಿಸುತ್ತದೆ. ಪೂರ್ತಿ ಎಳೆಯದಾಗಿ ಕಿತ್ತ ಕಾಯಿಯನ್ನು ಯಾವ ಚೀಲದಲ್ಲಿಟ್ಟರೂ ಅದು ಮೆತ್ತಗಾದೀತೇ ಹೊರತು ರುಚಿಯಾಗದು. ಅಂಥದ್ದು ಮಾಗಲೆಂದು ಕಾಯುವ ಬದಲು ಸಕ್ಕರೆ ಹಾಕಿ ಬೇಯಿಸುವುದು ಲೇಸು.

ಹೊರಗೆ ಇಡುವುದು

ಕಾಯಿ ಮತ್ತು ದೋರಗಾಯಿಗೆ ಇದೇ ಸರಿಯಾದ ಜಾಗ. ಖರ್ಚಿಲ್ಲ, ಸಲಕರಣೆ ಬೇಡ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮಾಗುವುದಕ್ಕೆ ಹಿತ. 30 ದಾಟುವ ಸೆಕೆಯಲ್ಲಿ ಮಾಗುವ ಕ್ರಮವೇ ತಪ್ಪಿ ರುಚಿ ಸರಿಯಾಗಿ ಕೂಡುವುದಿಲ್ಲ, ಹಾಗಾಗಿ ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ ಎರಡೂ ಬೇಡ. ಅಗಲವಾದ ತಟ್ಟೆಯಲ್ಲಿ, ಒಂದರ ಮೇಲೊಂದು ಹೇರದೆ, ತೊಟ್ಟಿನ ಭಾಗ ಕೆಳಗಾಗಿ ಹರಡಿ. ತುದಿ ಮೊದಲು ಮೆತ್ತಗಾಗುವುದರಿಂದ ಭಾರ ಅದರ ಮೇಲೆ ಬೀಳದಿರುವುದು ಒಳ್ಳೆಯದು. ಆಳವಾದ ಬುಟ್ಟಿ ನೋಡಲು ಚೆಂದ, ಆದರೆ ಅಡಿಯ ಹಣ್ಣು ಜಜ್ಜಿಹೋದದ್ದು ಮೇಲಿನವು ಮುಗಿಯುವ ತನಕ ಗೊತ್ತಾಗುವುದಿಲ್ಲ.

ಈ ಆಯ್ಕೆಗೆ ತೆರಬೇಕಾದ ಬೆಲೆ ನಿಗಾ. ದಿನಕ್ಕೊಮ್ಮೆ ಪ್ರತಿ ಹಣ್ಣನ್ನೂ ಮುಟ್ಟಿ ನೋಡಬೇಕು. ಬಿಸಿ ಹೆಚ್ಚಿರುವಾಗ ಬೆಳಗ್ಗೆ ದೋರಗಾಯಿ ಇದ್ದದ್ದು ಮರುದಿನ ಸಂಜೆಗೆ ಹದ ಮೀರಿರಬಹುದು. ಎರಡು ಮೂರು ದಿನ ಊರಿನಲ್ಲಿರುವುದಿಲ್ಲ ಎಂದಾದರೆ ಮಾಗಿದ್ದನ್ನು ಹೊರಗೆ ಬಿಟ್ಟು ಹೋಗಬೇಡಿ.

ಕಾಗದದ ಚೀಲ

ಇದು ಹೊರಗಿಡುವುದರದ್ದೇ ಅವಸರದ ರೂಪ. ಮಾಗುವ ಪ್ಲಮ್ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಅದೇ ಅನಿಲ ಹಣ್ಣನ್ನು ಇನ್ನಷ್ಟು ಮಾಗಿಸುತ್ತದೆ. ಚೀಲದ ಬಾಯಿ ಮಡಚಿಟ್ಟರೆ ಅನಿಲ ಒಳಗೇ ಉಳಿದು ಕೆಲಸ ಬೇಗ ಆಗುತ್ತದೆ, ತೇವ ಮಾತ್ರ ಕಾಗದದ ಮೂಲಕ ಹೊರಹೋಗುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೆ ತೇವವೂ ಒಳಗೇ ನಿಂತು, ಬೆವರಿ, ಬೂಷ್ಟು ಹಿಡಿಯುತ್ತದೆ. ಹಾಗಾಗಿ ಕಾಗದಕ್ಕೆ ಪ್ಲಾಸ್ಟಿಕ್ ಬದಲಿಯಲ್ಲ.

ಚೀಲದೊಳಗೆ ಒಂದು ಸೇಬನ್ನೋ ಮಾಗುತ್ತಿರುವ ಬಾಳೆಹಣ್ಣನ್ನೋ ಇಡುವ ರೂಢಿಗೆ ಆಧಾರವಿದೆ. ಆಂಜೆಲಿನೊದಂಥ ಕೆಲವು ತಳಿಗಳು ತಾವಾಗಿ ಬಿಡುವ ಎಥಿಲೀನ್ ಬಹಳ ಕಡಿಮೆ, ದಿನಗಟ್ಟಲೆ ಕಾದರೂ ಗಟ್ಟಿಯಾಗಿಯೇ ಕೂರುತ್ತವೆ. ಅವಕ್ಕೆ ಹೊರಗಿನಿಂದ ಸಿಗುವ ಎಥಿಲೀನ್ ನಿಜವಾದ ಸಹಾಯ. ಬೇಗ ಮಾಗುವ ತಳಿಗೆ ಇದರ ಅಗತ್ಯವಿಲ್ಲ, ಹದ ಮೀರುವ ಅಪಾಯವೇ ಹೆಚ್ಚು. ನಾಡಿದ್ದು ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ಹಣ್ಣಾಗಬೇಕು ಎನ್ನುವವರಿಗೆ ಚೀಲ ಸರಿ. ಅಂಥ ಅವಸರವಿಲ್ಲದವರಿಗೆ ತಟ್ಟೆಯೇ ಸಾಕು, ಕಣ್ಣಿಗೆ ಕಾಣುವ ಹಣ್ಣನ್ನು ಮರೆಯುವುದು ಕಡಿಮೆ.

ಫ್ರಿಜ್

ಹೆಚ್ಚಿನ ಹಣ್ಣು ಹಾಳಾಗುವುದು ಇಲ್ಲಿಯೇ ಎಂಬುದು ನನ್ನ ಬಲವಾದ ನಂಬಿಕೆ, ಅದೂ ಕಾಳಜಿ ಮಾಡುವವರ ಕೈಯಲ್ಲೇ. ಮನೆಗೆ ತಂದ ಕೂಡಲೇ, ಇನ್ನೂ ಗಟ್ಟಿ ಇರುವಾಗಲೇ, ಕೆಡಬಾರದೆಂದು ಒಳಗೆ ಸೇರಿಸುತ್ತಾರೆ. ಪ್ಲಮ್‌ಗೆ ಅತಿ ಹೆಚ್ಚು ಹಾನಿ ಮಾಡುವ ತಂಪು ಸುಮಾರು 2ರಿಂದ 8 ಡಿಗ್ರಿಯ ನಡುವಿನದು. ಮನೆಯ ಫ್ರಿಜ್ ನಡೆಯುವುದು 4 ಡಿಗ್ರಿಯ ಆಸುಪಾಸು. ದೊಡ್ಡ ಶೈತ್ಯಾಗಾರಗಳು ಪ್ಲಮ್ ಅನ್ನು ವಾರಗಟ್ಟಲೆ ಇಡುವುದು ಹೆಚ್ಚುಕಡಿಮೆ 0 ಡಿಗ್ರಿಯಲ್ಲಿ, ಶೇಕಡ 90ರಿಂದ 95ರ ತೇವದಲ್ಲಿ. ಆ ಸ್ಥಿತಿಯನ್ನು ಮನೆಯಲ್ಲಿ ತರುವುದು ಕಷ್ಟ.

ಹಾನಿ ಹೊರಗೆ ಕಾಣುವುದಿಲ್ಲ ಎಂಬುದೇ ತೊಡಕು. ವಾರಗಟ್ಟಲೆ ಫ್ರಿಜ್ಜಿನಲ್ಲಿದ್ದ ಕಾಯಿಯನ್ನು ತೆಗೆದು ಹೊರಗಿಟ್ಟರೆ ಸಿಪ್ಪೆ ನುಣುಪಾಗಿಯೇ ಇರುತ್ತದೆ. ಸೀಳಿನ ಗೆರೆಯ ಉದ್ದಕ್ಕೂ ಚಾಕು ಹಾಯಿಸಿ ಎರಡು ಹೋಳನ್ನು ತಿರುಚಿ ಬಿಡಿಸಿದಾಗ ಗೊತ್ತಾಗುತ್ತದೆ: ಗೊರಟಿನ ಸುತ್ತ ತಿರುಳು ಕಂದಿ ಹೋಗಿದೆ, ಕೆಲವು ಕಡೆ ಗಾಜಿನಂತೆ ಪಾರದರ್ಶಕವಾಗಿ ಲೋಳೆಯಾಗಿದೆ. ಬಾಯಿಗಿಟ್ಟರೆ ರಸವಿಲ್ಲದ ಹಿಟ್ಟುಹಿಟ್ಟು. ಇದು ಕೊಳೆತದ್ದಲ್ಲ, ತಿಂದರೆ ಅಪಾಯವಿಲ್ಲ. ಆದರೆ ಕಳೆದ ರುಚಿಯನ್ನು ಮರಳಿ ತರುವ ಉಪಾಯವೂ ಇಲ್ಲ.

ಹಾಗೆಂದು ಫ್ರಿಜ್ ಬೇಡವೆಂದಲ್ಲ. ಪೂರ್ತಿ ಮಾಗಿದ ಹಣ್ಣಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಾಗಿದ ದಿನವೇ ಒಳಗಿಟ್ಟರೆ ಮೂರರಿಂದ ಐದು ದಿನ ಅದೇ ಹದದಲ್ಲಿ ನಿಲ್ಲುತ್ತದೆ, ಅಷ್ಟು ಕಡಿಮೆ ಅವಧಿಯಲ್ಲಿ ತಂಪಿನ ಹಾನಿ ಗಮನಕ್ಕೆ ಬರುವಷ್ಟಾಗುವುದಿಲ್ಲ. ತೂತುಗಳಿರುವ ಚೀಲದಲ್ಲಿ ಹಾಕಿ ಹಣ್ಣಿನ ಡ್ರಾಯರ್‌ನಲ್ಲಿಡಿ. ಬರಿದಾಗಿ ಬಿಟ್ಟರೆ ತೊಟ್ಟಿನ ಸುತ್ತ ಸುಕ್ಕಾಗುತ್ತದೆ, ಬಿಗಿಯಾಗಿ ಕಟ್ಟಿದರೆ ಬೆವರುತ್ತದೆ. ಸೊಪ್ಪಿನ ಜೊತೆ ಮಾತ್ರ ಇಡಬೇಡಿ, ಪ್ಲಮ್ ಬಿಡುವ ಎಥಿಲೀನ್‌ನಿಂದ ಸೊಪ್ಪು ಬೇಗ ಹಳದಿಯಾಗುತ್ತದೆ.

ತೊಳೆದು ಇಡುವುದೋ, ತೊಳೆಯದೆ ಇಡುವುದೋ ಎಂಬ ಜಗಳಕ್ಕೂ ಉತ್ತರ ಸ್ಪಷ್ಟ. ತೊಳೆದರೆ ಮೇಣದ ಪದರ ಅಳಿಸುತ್ತದೆ, ತೊಟ್ಟಿನ ಗುಳಿಯಲ್ಲಿ ನೀರು ನಿಲ್ಲುತ್ತದೆ, ಬೂಷ್ಟಿಗೆ ಬೇಕಾದದ್ದು ಅದೇ. ತಿನ್ನುವ ಮುಂಚೆ ಹರಿಯುವ ನೀರಿನಲ್ಲಿ ತೊಳೆದರಾಯಿತು, ಸೋಪು ಬೇಡ. ತಿನ್ನುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ. ತಣ್ಣಗಿದ್ದಾಗ ಅಡಗಿದ್ದ ಪರಿಮಳ ಆಗ ಬಿಚ್ಚಿಕೊಳ್ಳುತ್ತದೆ.

ಫ್ರೀಜರ್

ಒಂದೇ ಸಲ ಬುಟ್ಟಿಗಟ್ಟಲೆ ಹಣ್ಣು ಬಂದು, ಎಲ್ಲವೂ ಒಟ್ಟಿಗೆ ಮಾಗಿದಾಗ ನಾನು ಮೊದಲು ಸೂಚಿಸುವುದು ಇದನ್ನೇ. ತಿಂಗಳುಗಟ್ಟಲೆ ಕಾಪಾಡುವ ವಿಧಾನಗಳಲ್ಲಿ ಇಷ್ಟು ಕಡಿಮೆ ದುಡಿಮೆ ಬೇಡುವುದು ಬೇರೊಂದಿಲ್ಲ. ಹಣ್ಣನ್ನು ತೊಳೆದು ಪೂರ್ತಿ ಒರೆಸಿ, ಇಬ್ಭಾಗ ಮಾಡಿ ಗೊರಟು ತೆಗೆಯಿರಿ. ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ, ಕೊಯ್ದ ಮುಖ ಮೇಲಾಗಿ ಹರಡಿ ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಡಿ. ಆಮೇಲಷ್ಟೇ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಮುಚ್ಚಿ. ಈ ನಡುವಿನ ಹೆಜ್ಜೆ ಬಿಟ್ಟು ನೇರವಾಗಿ ಚೀಲಕ್ಕೆ ಹಾಕಿದರೆ ಎಲ್ಲವೂ ಒಂದೇ ಬಂಡೆಯಾಗಿ, ನಾಲ್ಕು ಹೋಳು ಬೇಕಾದಾಗ ಇಡೀ ಚೀಲ ಕರಗಿಸಬೇಕಾಗುತ್ತದೆ. ಕೊಯ್ದ ಮುಖ ಕಂದಾಗಬಾರದೆಂದರೆ ಮೊದಲೇ ತುಸು ನಿಂಬೆರಸ ಸವರಿ. ಮೈನಸ್ 18 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ತಿಂಗಳು ಗುಣ ಚೆನ್ನಾಗಿಯೇ ಉಳಿಯುತ್ತದೆ.

ಕಳೆದುಕೊಳ್ಳುವುದು ಕಚ್ಚುವ ಸುಖ. ಮಂಜಿನ ಹರಳುಗಳು ತಿರುಳಿನ ಕೋಶಗಳನ್ನು ಒಡೆಯುವುದರಿಂದ ಕರಗಿದ ಹೋಳು ಮೆತ್ತಗಾಗಿ ರಸ ಬಿಡುತ್ತದೆ. ಜಾಮ್, ಸಾಸ್, ಕೇಕ್, ಸ್ಮೂದಿಗೆ ಇದರಿಂದ ತೊಂದರೆಯೇ ಇಲ್ಲ. ತಟ್ಟೆಯಲ್ಲಿ ಹೋಳು ಮಾಡಿ ಬಡಿಸುವ ಆಸೆಯಿದ್ದರೆ ಫ್ರೀಜರ್ ನಿಮ್ಮದಲ್ಲ. ಇನ್ನೊಂದು ಮಾತು: ಹದ ಬಂದ ಹಣ್ಣನ್ನೇ ಹಾಕಿ. ಕಾಯಿ ಹಾಕಿದರೆ ಕರಗಿದಾಗಲೂ ಅದು ಹುಳಿ ಕಾಯಿಯೇ. ವಿದ್ಯುತ್ ಆಗಾಗ ಹೋಗುವ ಮನೆಗಳಲ್ಲಿ ಕರಗಿ ಮತ್ತೆ ಗಡ್ಡೆಕಟ್ಟುವ ಹಣ್ಣು ಬೇಗ ಸೊರಗುತ್ತದೆ, ಅಂಥಲ್ಲಿ ಮುಂದಿನ ಎರಡು ದಾರಿಗಳೇ ಮೇಲು.

ಒಣಗಿಸುವುದು ಮತ್ತು ಬೇಯಿಸಿಡುವುದು

ಒಣಗಿಸಿದ ಪ್ಲಮ್‌ಗೆ ಫ್ರೀಜರ್ ಬೇಡ, ಜಾಗವೂ ಅಷ್ಟು ಬೇಡ. ಆದರೆ ಎಲ್ಲ ಪ್ಲಮ್ ಒಂದೇ ಸಮ ಒಣಗುವುದಿಲ್ಲ. ಉದ್ದುದ್ದ ಆಕಾರದ, ತಿರುಳು ಗಟ್ಟಿಯಾದ ಯುರೋಪಿನ ತಳಿಗಳಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ ಅವು ಗೊರಟಿನ ಸಮೇತ ಹುದುಗದೆ ಒಣಗುತ್ತವೆ. ಗುಂಡಗಿನ, ರಸ ತುಂಬಿದ ಜಪಾನಿ ತಳಿಗಳನ್ನು ಇಡಿಯಾಗಿ ಒಣಗಿಸಲು ಹೋಗಬೇಡಿ. ಗೊರಟು ತೆಗೆದು ತೆಳುವಾಗಿ ಹೆಚ್ಚಿಯೇ ಒಣಗಿಸಬೇಕು. ಒಣಗಿಸುವ ಯಂತ್ರವೋ ಓವನ್ನೋ 60 ಡಿಗ್ರಿಯ ಸುತ್ತ ಗಂಟೆಗಟ್ಟಲೆ ಓಡಬೇಕಾಗುತ್ತದೆ, ಖರ್ಚು ಬರುವುದು ಅಲ್ಲಿ. ವರ್ಷವರ್ಷವೂ ಹಣ್ಣು ಧಾರಾಳವಾಗಿ ಸಿಗುವವರಿಗೆ ಯಂತ್ರ ಕೊಂಡದ್ದು ಸಾರ್ಥಕ, ಒಂದು ಸಲದ ಮಿಕ್ಕಿದ ಹಣ್ಣಿಗೆ ಖಂಡಿತ ಅಲ್ಲ.

ಒಣಗಿದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ಹೋಳುಗಳು ಆರಿದ ನಂತರ ಗಾಜಿನ ಜಾಡಿಯಲ್ಲಿ ಮುಕ್ಕಾಲು ತುಂಬದಷ್ಟು ಸಡಿಲವಾಗಿ ಹಾಕಿ ಮುಚ್ಚಿ, ಒಂದು ವಾರ ದಿನಾ ಕುಲುಕಿ. ಜಾಡಿಯ ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ನೀರಿದೆ, ಮತ್ತೆ ಒಣಗಿಸಿ. ಇದನ್ನು ಮಾಡದೆ ಡಬ್ಬಿ ಮುಚ್ಚಿಟ್ಟರೆ ಒಂದೇ ಹಸಿ ಹೋಳು ಸಾಕು, ಇಡೀ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ.

ಬೇಯಿಸುವುದು ಹದ ಮೀರಿದ ಹಣ್ಣಿನ ಆಶ್ರಯ. ಪ್ಲಮ್‌ನಲ್ಲಿ ಹುಳಿಯೂ ಪೆಕ್ಟಿನ್ನೂ ಚೆನ್ನಾಗಿರುವುದರಿಂದ ಜಾಮ್ ಸುಲಭವಾಗಿ ಗಟ್ಟಿಯಾಗುತ್ತದೆ. ಸಿಪ್ಪೆ ತೆಗೆಯಬೇಡಿ, ಬಣ್ಣವೂ ಚುರುಕು ಹುಳಿಯೂ ಇರುವುದು ಅದರಲ್ಲೇ. ಕಾಯಿ ಮತ್ತು ಅತಿ ಮಾಗಿದ್ದು ಬೆರೆತಿದ್ದರೆ ಇನ್ನೂ ಒಳ್ಳೆಯದು, ಮಾಗದ ಹಣ್ಣಿನಲ್ಲಿ ಪೆಕ್ಟಿನ್ ಹೆಚ್ಚು. ಸಕ್ಕರೆ ಕಡಿಮೆ ಹಾಕಿ ಬರಿದೇ ಬೇಯಿಸಿದ್ದಾದರೆ ಅದು ಫ್ರಿಜ್ಜಿನಲ್ಲೂ ಮೂರು ನಾಲ್ಕು ದಿನದ ಮಾತು, ಉಳಿದದ್ದನ್ನು ಫ್ರೀಜರಿಗೆ ಹಾಕಿ. ಗೊರಟನ್ನು ಒಡೆದು ಒಳಗಿನ ಬೀಜ ಹಾಕಬೇಡಿ. ಅದರಲ್ಲಿರುವ ಅಮಿಗ್ಡಲಿನ್ ದೇಹದೊಳಗೆ ಸಯನೈಡ್ ಬಿಡುತ್ತದೆ.

ಯಾರಿಗೆ ಯಾವುದು

ಒಬ್ಬರೇ ಇರುವವರು, ದಿನಕ್ಕೊಂದು ತಿನ್ನುವವರು ಬೇರೆ ಬೇರೆ ಹದದ ಹಣ್ಣುಗಳನ್ನು ಆರಿಸಿ ತಂದರೆ ಅರ್ಧ ಸಮಸ್ಯೆ ಮುಗಿಯಿತು. ಎರಡು ಮಾಗಿದ್ದು, ಎರಡು ದೋರಗಾಯಿ, ಎರಡು ಕಾಯಿ. ಮೊದಲೆರಡು ಫ್ರಿಜ್ಜಿಗೆ, ಉಳಿದವು ತಟ್ಟೆಗೆ, ಮಾಗಿದಂತೆಲ್ಲ ಒಂದೊಂದಾಗಿ ಒಳಗೆ. ಮಕ್ಕಳಿರುವ ದೊಡ್ಡ ಮನೆಯಲ್ಲಿ ಹಣ್ಣು ಎರಡು ದಿನ ಉಳಿಯುವುದೇ ಅನುಮಾನ, ಅಲ್ಲಿ ಫ್ರಿಜ್ಜಿನ ಜಾಗ ವ್ಯರ್ಥ ಮಾಡಬೇಕಿಲ್ಲ. ಫ್ರಿಜ್ಜೇ ಇಲ್ಲದವರು ದೋರಗಾಯಿಯನ್ನೇ, ಕಡಿಮೆ ಪ್ರಮಾಣದಲ್ಲಿ, ಪದೇಪದೇ ತರುವುದು ಲೇಸು. ರಿಯಾಯಿತಿಯಲ್ಲಿ ಹದ ಮೀರಿದ ಹಣ್ಣು ಸಿಕ್ಕರೆ ಅದೇ ದಿನ ಒಲೆಯ ಮುಂದೆ ನಿಲ್ಲಲು ಸಮಯವಿದ್ದರೆ ಮಾತ್ರ ಕೊಳ್ಳಿ. ಇಲ್ಲವಾದರೆ ಅಗ್ಗಕ್ಕೆ ತಂದದ್ದು ಕಸಕ್ಕೆ ಹೋಗುತ್ತದೆ.

ಕೊಯ್ದ ಹೋಳು ಮಿಕ್ಕರೆ ಮೇಲಿನ ಯಾವ ಲೆಕ್ಕವೂ ಅದಕ್ಕೆ ಅನ್ವಯಿಸುವುದಿಲ್ಲ. ಎರಡು ಗಂಟೆಯೊಳಗೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹೋಗಬೇಕು, ಮೂರು ದಿನದೊಳಗೆ ಮುಗಿಯಬೇಕು.

ಎಲ್ಲಿಟ್ಟರೂ ಆಗಾಗ ಹಣ್ಣನ್ನು ಆರಿಸುತ್ತಿರಬೇಕು. ಬರಿಯ ಜಜ್ಜು ಗಾಯವಾದರೆ ಆ ಭಾಗ ಕೊಯ್ದು ಎಸೆದು ಉಳಿದದ್ದನ್ನು ತಿನ್ನಬಹುದು. ಬೂಷ್ಟು ಕಂಡರೆ ಇಡೀ ಹಣ್ಣನ್ನೇ ಎಸೆಯಿರಿ. ಪ್ಲಮ್‌ನಂಥ ಮೆತ್ತನೆಯ ತಿರುಳಿನಲ್ಲಿ ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ. ಅದಕ್ಕೆ ತಾಗಿಕೊಂಡಿದ್ದ ಹಣ್ಣುಗಳನ್ನು ಬೇರೆ ತಟ್ಟೆಗೆ ಎತ್ತಿಟ್ಟು, ತೊಳೆದು, ಅಂದೇ ತಿಂದು ಮುಗಿಸಿ. ಹಳೆಯ ತಟ್ಟೆಯನ್ನು ತೊಳೆದು ಒಣಗಿಸಿದ ಮೇಲೆಯೇ ಮುಂದಿನ ಹಣ್ಣು ಅದಕ್ಕೆ ಬರಲಿ.